ಅರ್ಜಿಯ ಕಡೆಯ ಸಾಲು

ಅರವತ್ತರ ದಶಕದ ಮೊದಲಲ್ಲಿ ದಾವಣಗೆರೆಯ ಕೋರ್ಟಿನ ಎದುರು ಬೇವಿನ ಮರದಡಿ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದ ಹಿರಿಯರೊಬ್ಬರು ನನ್ನ ಕೆಲಸದ ಅರ್ಜಿಗಳನ್ನೆಲ್ಲ ಟೈಪು ಮಾಡಿಕೊಟ್ಟರು. ಮೊದಲ ದಿನ "ನಿಮ್ದು ಯಾವ್ದ್ರಿ?" ಎಂದರು. ಎಂಜಿನಿಯರಿಂಗಿನಲ್ಲಿ ಓದಿದ್ದು ಯಾವುದೆಂದು ಕೇಳಿದರೆಂದುಕೊಂಡು "ಸಿವಿಲ್" ಎಂದೆ. "ಎದುರುಪಾರ್ಟಿ ಯಾರು?" ಎಂದಾಗಲೇ ಗೊತ್ತಾದದ್ದು, ಅವರು ಕೇಳಿದ್ದು ದಾವೆಯ ವಿಷಯವೆಂದು.

ಸೇತುವೆ, ಕಟ್ಟಡ ಕಟ್ಟುವುದನ್ನು ಕಲಿತ ನಾನು, ಆ ಕೆಲಸ ಸಿಗದೆ ಬಟ್ಟೆ ಗಿರಣಿಗಳಿಗೂ ಯಂತ್ರದ ಕಾರ್ಖಾನೆಗಳಿಗೂ ಬರೆಯುತ್ತಿದ್ದೆ. ಎಲ್ಲ ಕಡೆಯಿಂದಲೂ ಒಂದೇ ಉತ್ತರ: ನೀವು ಓದಿದ ವಿಷಯ ಬೇರೆ. ಹಿರಿಯರು ಕಾರ್ಬನ್ ಮಸಿಯ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತ ಪ್ರತಿ ಸಲವೂ ಹೇಳುತ್ತಿದ್ದರು: "ವಜಾ ಆಗಿಲ್ಲ ಬಿಡ್ರಿ, ವಾಯಿದೆ ಬಿದ್ದೈತೆ, ಮುಂದಿನ ತಾರೀಖಿಗೆ ಹೋಗೈತೆ ಅಷ್ಟೆ."

ಒಮ್ಮೆ ಹರಿಹರದ ಕಾರ್ಖಾನೆಯೊಂದು ಸಂದರ್ಶನಕ್ಕೆ ಕರೆಯಿತು. ಅಲ್ಲಿನ ಅಧಿಕಾರಿ ನನ್ನ ಅರ್ಜಿಯ ಕಡೆಯ ಸಾಲನ್ನು ಗಟ್ಟಿಯಾಗಿ ಓದಿದರು. ನನಗೆ ನ್ಯಾಯ ದೊರಕಿಸಿಕೊಡಬೇಕೆಂದು ಅದರಲ್ಲಿತ್ತು. "ಯಾರ್ರೀ ನಿಮಗೆ ಅನ್ಯಾಯ ಮಾಡಿದ್ದು?" ಎಂದು ನಕ್ಕರು. ಕೋರ್ಟಿನ ಅರ್ಜಿಗಳ ರೂಢಿಯಲ್ಲಿ ಹಿರಿಯರು ಅದನ್ನೂ ಟೈಪು ಹೊಡೆದುಬಿಟ್ಟಿದ್ದರು. ಓದಿ ನೋಡುವ ಉತ್ಸಾಹವೂ ಇಲ್ಲದೆ ನಾನು ಸಹಿ ಹಾಕಿದ್ದೆ. ಕೆಲಸ ಸಿಗಲಿಲ್ಲ.

ವಿಷಯ ಕೇಳಿ ಹಿರಿಯರು "ತಪ್ಪಾತ್ರಿ, ಕೈ ಕೇಳಲಿಲ್ಲ" ಎಂದು ಹೊಸ ಹಾಳೆ ಏರಿಸಿದರು. ಇನ್ನೊಂದು ಕಾರ್ಖಾನೆಗೆ ಅದೇ ಅರ್ಜಿ. ಕೊನೆಗೆ ಬಂದಾಗ ಕೈ ನಿಲ್ಲಿಸಿ, "ಆ ಸಾಲು ಬ್ಯಾಡಲ್ರಿ?" ಎಂದರು.

"ಇರಲಿ, ಹೊಡೀರಿ" ಎಂದೆ.