ಅಮೆರಿಕದ ಹೊಳೆಗೆ ಅರಿಶಿನ

ಜಪಾನಿನ ಕಾಶಿವಾ ಊರಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮೈಸೂರಿನ ಆಂಟಿ ಏನು ಕಂಡರೂ "ಬಾರೇ ಬಾರೇ, ಬೇಗ!" ಎಂದು ನನ್ನ ಕೈ ಹಿಡಿದೆಳೆಯುತ್ತಿದ್ದರು.

ಒಂದು ಗೌರಿಹಬ್ಬದ ಬೆಳಿಗ್ಗೆ ತಮ್ಮ ಅಡುಗೆಮನೆಗೇ ಎಳೆದರು. ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಕಲಾವಿದನೊಬ್ಬ ಬರೆದ ಹೊಳೆಯ ಚಿತ್ರ ನಲ್ಲಿಯ ಮೇಲೆ ತೂಗುತ್ತಿತ್ತು. ಅದರ ಚೌಕಟ್ಟಿನ ತುಂಬ ಅರಿಶಿನ-ಕುಂಕುಮ!

"ಈ ಫ್ಲಾಟಲ್ಲಿ ಗಂಗೆಪೂಜೆಗೆ ಬಾವಿ ಎಲ್ಲಿಂದ ತರ್ಲಿ? ನೋಡೇ, ನೀರು ಹೇಗೆ ಹರೀತಿದೆ!"

ಅಷ್ಟರಲ್ಲಿ ಆ ಚಿತ್ರ ಮಾರಿದ್ದ ಹಳೇ ಸಾಮಾನಿನ ಅಂಗಡಿಯ ಜಪಾನಿ ಅಜ್ಜ ಹಬ್ಬದೂಟಕ್ಕೆಂದು ಬಂದರು. ನಾನು ಚೌಕಟ್ಟು ಒರೆಸಲು ಬಟ್ಟೆ ಹುಡುಕಿದೆ. ಅವರು ಅರಿಶಿನವನ್ನು ನೋಡಿದರು, ಹೊಳೆಯನ್ನು ನೋಡಿದರು. ಆಮೇಲೆ ತಮ್ಮ ದೇವರ ಮುಂದೆ ಮಾಡುವಂತೆ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿದರು.

ಆಂಟಿ ನಲ್ಲಿಯನ್ನು ಪೂರ್ತಿ ತಿರುಗಿಸಿದರು.

"ಬಾರೇ ಬಾರೇ, ಬೇಗ! ಗಂಗಮ್ಮ ಬಂದ್ಲು, ಚೊಂಬು ಹಿಡಿ!"