ಮೂವತ್ತೈದು ಡಿಗ್ರಿ ಆ ಕಡೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯಲ್ಲಿ ಬೇಸಿಗೆ ಬಂತೋ ಇಲ್ಲವೋ ಎಂದು ಹೇಳುತ್ತಿದ್ದದ್ದು ದಾದಿಯ ಕೆನ್ನೆ. ದಾದಿ ಅಂದರೆ ಅಪ್ಪನ ತಾಯಿ. ಅಪ್ಪನಿಗೆ ನಾವು ಅಬ್ಬಾ ಅನ್ನುತ್ತಿದ್ದೆವು, ಅಕ್ಕನಿಗೆ ಆಪಾ. ನಾನು ಹುಟ್ಟುವ ಮೊದಲೇ ದಾದಿಯ ಎರಡೂ ಕಣ್ಣು ಹೋಗಿದ್ದವು. ಕರಜಗಿಯ ನಮ್ಮ ಹಳೇ ಮನೆಯ ಪಡಸಾಲೆಯಲ್ಲಿ ಒಂದು ಕಿಟಕಿ ಇತ್ತು. ಅದರ ಮುಂದೆ ನಮಾಜಿನ ಚಾಪೆ ಹಾಸಿಕೊಂಡು ಅವಳು ಇಳಿಹೊತ್ತಿನ ನಮಾಜು ಮಾಡುವಾಗ ಬಿಸಿಲು ಒಳಗೆ ಬರುತ್ತಿತ್ತು. ಚಳಿಗಾಲದಲ್ಲಿ ಅದು ಎಡಗೆನ್ನೆಗೆ ಬೀಳುತ್ತಿತ್ತು, ಕಡು ಬೇಸಿಗೆಯಲ್ಲಿ ಬಲಗೆನ್ನೆಗೆ. ಕೆನ್ನೆ ಬದಲಾದ ದಿನ ದಾದಿ ಕೌದಿಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿಸಿಬಿಡುತ್ತಿದ್ದಳು. ಅವಳ ಲೆಕ್ಕ ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ನಾನು ಎಂಟನೇ ಇಯತ್ತೆಗೆ ಬಂದ ವರ್ಷ, ಶಿವರಾತ್ರಿ ಮುಗಿದ ಮೇಲೆ, ನಾವು ಕರಜಗಿ ಬಿಟ್ಟು ಅಫಜಲಪುರಕ್ಕೆ ಬಂದೆವು. ದಿನಾ ಬಸ್ಸಿನಲ್ಲಿ ಜೋತುಬಿದ್ದು ಹೈಸ್ಕೂಲಿಗೆ ಹೋಗುವ ಕಷ್ಟ ನನಗೂ ಆಪಾಗೂ ತಪ್ಪಲಿ ಎಂದು ಅಬ್ಬಾ ತನ್ನ ಹೊಲಿಗೆ ಮಷಿನ್ನನ್ನು ಟೆಂಪೋಕ್ಕೆ ಏರಿಸಿದ. ಹೊಸ ಮನೆ ಬಾಗಿದ ಓಣಿಯೊಂದರ ತುದಿಯಲ್ಲಿತ್ತು. ಓಣಿ ಬಾಗಿದಂತೆ ಮನೆಯೂ ಬಾಗಿತ್ತು. ಯಾವ ಗೋಡೆಯೂ ಯಾವ ದಿಕ್ಕಿಗೂ ನೆಟ್ಟಗೆ ಮುಖ ಮಾಡಿರಲಿಲ್ಲ. ಮೊದಲ ದಿನ ಸಾಮಾನು ಇಳಿಸುವ ಮುಂಚೆಯೇ ದಾದಿ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು.

"ನನ್ನ ಚಾಪಿ ಯಾ ಕಡಿ ಹಾಸ್ತೀರಿ?"

ನಮಾಜು ಮಾಡುವವರು ಮಕ್ಕಾದ ಕಡೆ ಮುಖ ಮಾಡಬೇಕು. ನಮ್ಮ ಸೀಮೆಯಿಂದ ಅದು ಪಶ್ಚಿಮಕ್ಕೆ, ಆದರೆ ನೇರ ಪಶ್ಚಿಮಕ್ಕಲ್ಲ, ತುಸು ಉತ್ತರಕ್ಕೆ ಸರಿದು. "ಮಸೀದಿ ಮೌಲಾನಾರಿಗಿ ಕರಕೊಂಡು ಬಂದು ತೋರಿಸ್ತೇನಿ" ಎಂದ ಅಬ್ಬಾ. ನಾನು ಅಡ್ಡ ಬಂದೆ. "ಮೌಲಾನಾ ಯಾಕ? ನಾ ಅಳೀತೇನಿ."

ಯಾಕೆಂದರೆ ಆ ವರ್ಷ ನನಗೆ ಡಿಗ್ರಿಯ ಹುಚ್ಚು ಹಿಡಿದಿತ್ತು. ಒಂದು ಪೂರ್ತಿ ಸುತ್ತನ್ನು ಮುನ್ನೂರ ಅರವತ್ತು ಪಾಲು ಮಾಡಿದರೆ ಒಂದು ಪಾಲು ಒಂದು ಡಿಗ್ರಿ ಎಂದು ಗಣಿತದ ಮಾಸ್ತರು ಹೇಳಿಕೊಟ್ಟ ದಿನದಿಂದ ಕೋನಮಾಪಕ ನನ್ನ ಅಂಗಿಯ ಜೇಬಿನಿಂದ ಇಳಿದಿರಲಿಲ್ಲ. ಮುರಿದ ರೊಟ್ಟಿಯ ಚೂರು ಎಷ್ಟು ಡಿಗ್ರಿ, ಬೆಕ್ಕಿನ ಕಿವಿ ಎಷ್ಟು ಡಿಗ್ರಿ, ಅಬ್ಬಾ ಹೊಲಿದ ಕಾಲರ್ ಎಷ್ಟು ಡಿಗ್ರಿ, ಎಲ್ಲ ಅಳೆದಿದ್ದೆ. ಆಪಾ ಸಿಟ್ಟಿನಿಂದ ನನ್ನತ್ತ ತಿರುಗಿದರೆ ಅವಳ ಹುಬ್ಬಿಗೂ ಅದನ್ನು ಹಿಡಿಯಲು ಹೋಗಿ ಏಟು ತಿಂದಿದ್ದೆ.

ಮಾರನೇ ದಿನ ಮಾಸ್ತರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರಿಗೂ ಖುಷಿಯಾಯಿತು. ಶಾಲೆಯ ಗ್ಲೋಬು ತೆಗೆದು, ನಮ್ಮೂರಿನ ಮೇಲೊಂದು ಬೆರಳು, ಮಕ್ಕಾದ ಮೇಲೊಂದು ಬೆರಳು ಇಟ್ಟು, ನಡುವೆ ದಾರ ಬಿಗಿಯಾಗಿ ಎಳೆದು ಹಿಡಿದರು. ನಾನು ಅಳೆದೆ. ಪಶ್ಚಿಮದಿಂದ ಉತ್ತರಕ್ಕೆ ಹದಿಮೂರು ಡಿಗ್ರಿ. ಮಾಸ್ತರು ಒಂದು ದಿನದ ಮಟ್ಟಿಗೆ ದಿಕ್ಸೂಚಿಯನ್ನೂ ಕೊಟ್ಟರು. ಗಾಜಿನ ಮುಚ್ಚಳದ ಪುಟ್ಟ ಹಿತ್ತಾಳೆ ಡಬ್ಬಿ, ಒಳಗೆ ಸದಾ ಉತ್ತರಕ್ಕೆ ತಿರುಗುವ ಮುಳ್ಳು. ಮನೆಯ ಹಾಸುಗಲ್ಲು ಮೇಲೆ ಕೆಳಗೆ ಆಗಿದ್ದವು. ಅಳೆಯಲು ಸಪಾಟಾದ ಜಾಗ ಬೇಕೆಂದು ಅದನ್ನು ಅಬ್ಬಾನ ಹೊಲಿಗೆ ಮಷಿನ್ನಿನ ಹಲಗೆಯ ಮೇಲಿಟ್ಟೆ. ಮುಳ್ಳು ನಿಂತಿತು. ಅಬ್ಬಾ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಅದು ತೋರಿಸಿದ ಉತ್ತರದಿಂದ ಪಶ್ಚಿಮ ಹಿಡಿದು, ಹದಿಮೂರು ಡಿಗ್ರಿ ಸರಿಸಿ ನೆಲದ ಮೇಲೆ ಗೆರೆ ಎಳೆದೆ.

ಅಬ್ಬಾ ಗೆರೆಯನ್ನು ನೋಡಿ ತಲೆ ಕೆರೆದುಕೊಂಡ. "ಇಷ್ಟು ಎಡಕ್ಕ ಬರ್ತದೇನಪ್ಪಾ?"

"ಡಿಗ್ರಿ ಸುಳ್ಳು ಹೇಳಂಗಿಲ್ಲ ಅಬ್ಬಾ" ಎಂದೆ. ಈಗ ನೆನೆಸಿಕೊಂಡರೆ ಆ ಹುಡುಗನ ಕಿವಿ ಹಿಂಡಬೇಕು ಅನ್ನಿಸುತ್ತದೆ.

ಅಬ್ಬಾ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಮಗ ಕಲಿತದ್ದರ ಮುಂದೆ ತನ್ನ ಅಂದಾಜು ಯಾವ ಲೆಕ್ಕ ಎಂದುಕೊಂಡಿರಬೇಕು, ಚಾಪೆ ತಂದು ನನ್ನ ಕೈಗೆ ಕೊಟ್ಟ. ದಾದಿ ಮಾತ್ರ, "ನನ್ನ ಮೊಮ್ಮಗ ಅಳದು ಹಾಸ್ಯಾನ" ಎಂದು ಬಂದವರಿಗೆಲ್ಲ ಹೇಳಿಕೊಂಡಳು. ನೀರು ಒಯ್ಯಲು ಬಂದವರಿಗೂ ಹೇಳಿದಳು, ಸೊಪ್ಪು ಮಾರುವವಳಿಗೂ ಹೇಳಿದಳು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ.

ಹೀಗೆ ಇಪ್ಪತ್ತೆರಡು ದಿನ ಕಳೆದವು. ನಾನು ನಿಮಗೆ ಹೇಳಬೇಕೆಂದಿರುವುದು ಇಪ್ಪತ್ತೆರಡನೇ ದಿನದ ಮಾತು.

ಅಂದು ಶಾಲೆಯಿಂದ ಬಂದು ಚೀಲ ಒಗೆದು ಕೂತಿದ್ದೆ. ಓಣಿಯಲ್ಲಿ ಜೋಳದ ಕಣಿಕೆ ಹೇರಿದ ಬಂಡಿಯೊಂದು ಹೋಗಿ, ಅದರ ಒಣ ಸಿಹಿ ವಾಸನೆ ಬಾಗಿಲ ತನಕ ಬಂದಿತ್ತು. ಒಳಗೆ ಮಷಿನ್ನಿನ ಎಣ್ಣೆಯ ವಾಸನೆ. ಆಪಾ ಶುಂಠಿ ಜಜ್ಜಿ ಹಾಕಿದ ಚಹಾ ಕೊಟ್ಟಿದ್ದಳು. ದಾದಿ ಕಿಟಕಿಯ ಬಿಸಿಲಲ್ಲಿ ಇಳಿಹೊತ್ತಿನ ನಮಾಜು ಮುಗಿಸಿ ಎದ್ದು, ಗೋಡೆ ಹಿಡಿದುಕೊಂಡು ಬಂದು ನನ್ನ ಪಕ್ಕ ಕೂತಳು. ಬಲಗೆನ್ನೆಯನ್ನು ಅಂಗೈಯಿಂದ ತಿಕ್ಕಿಕೊಳ್ಳುತ್ತ ಆಪಾಗೆ ಹೇಳಿದಳು:

"ಈ ವರ್ಷ ಬ್ಯಾಸಿಗಿ ಲಗೂ ಬಂತು ನೋಡವ್ವಾ. ಆಗಲೇ ಬಿಸಲು ಬಲಗಲ್ಲಕ್ಕ ಬಡ್ಯಾಕತ್ತದ. ಕೌದಿ ಒಳಗಿಡು."

"ಇನ್ನಾ ಮುಂಜಾನಿ ಥಂಡಿ ಅದ ದಾದಿ" ಎಂದಳು ಆಪಾ.

"ನನ್ನ ಗಲ್ಲಕ್ಕ ಗೊತ್ತಾಗಂಗಿಲ್ಲೇನು?"

ಆಪಾ ನಕ್ಕಳು. ನಾನು ನಗಲಿಲ್ಲ. ಚಹಾದ ಬಟ್ಟಲು ಕೈಯಲ್ಲೇ ಉಳಿಯಿತು. ಮನುಷ್ಯರು ಬೇಗ ಬರಬಹುದು, ತಡವಾಗಿ ಬರಬಹುದು. ಸೂರ್ಯ ಹಾಗೆ ಮಾಡುವುದಿಲ್ಲ ಎಂಬಷ್ಟು ನನಗೆ ಗೊತ್ತಿತ್ತು. ಸೂರ್ಯ ಬಲಕ್ಕೆ ಬಂದಿಲ್ಲ ಅಂದರೆ ದಾದಿಯೇ ಎಡಕ್ಕೆ ತಿರುಗಿರಬೇಕು. ಅವಳನ್ನು ತಿರುಗಿಸಿದವನು ನಾನು.

ಬಟ್ಟಲು ಅಲ್ಲೇ ಇಟ್ಟು ಮಾಸ್ತರ ಮನೆಗೆ ಓಡಿದೆ. ಎರಡು ಓಣಿ ಆಚೆಗೆ ಅವರ ಮನೆ. ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ನಾನು ಏದುಸಿರು ಬಿಡುತ್ತ ಎಲ್ಲ ಹೇಳಿದೆ. ಅವರು ಒಳಗಿಂದ ದಿಕ್ಸೂಚಿ ತಂದು ಕಟ್ಟೆಯ ಮೇಲಿಟ್ಟರು.

"ಅವತ್ತ ಎಲ್ಲಿಟ್ಟು ನೋಡಿದ್ದಿ?"

"ಅಬ್ಬಾನ ಮಷಿನ್ ಮ್ಯಾಲ್ರೀ ಸರ್."

ಮಾಸ್ತರು ಬೈಯಲಿಲ್ಲ. ಕೈಯಲ್ಲಿದ್ದ ಅಡಕತ್ತರಿಯನ್ನು ಮೆಲ್ಲಗೆ ದಿಕ್ಸೂಚಿಯ ಹತ್ತಿರ ಸರಿಸಿದರು. ಅಲ್ಲಿಯ ತನಕ ತಣ್ಣಗೆ ನಿಂತಿದ್ದ ಮುಳ್ಳು ಅಡಕತ್ತರಿಯ ಕಡೆ ತಿರುಗಿಬಿಟ್ಟಿತು. ದೂರ ಸರಿಸಿದರು, ಮುಳ್ಳು ಮತ್ತೆ ಉತ್ತರಕ್ಕೆ ಬಂತು. "ಅಡಕತ್ತರಿ ಇಷ್ಟ ಅದ. ನಿಮ್ಮಪ್ಪನ ಮಷಿನ್ನಿನ ಕಬ್ಬಿಣ ಎಷ್ಟದ?" ಎಂದರು. ಆಮೇಲೆ ನನ್ನ ಮುಖ ನೋಡಿ, "ತಪ್ಪು ನಂದೂ ಅದ ಬಿಡು. ಕೊಡೂ ಮುಂದ ಹೇಳಬೇಕಾಗಿತ್ತು" ಎಂದು ದಿಕ್ಸೂಚಿಯನ್ನು ನನ್ನ ಅಂಗೈಯಲ್ಲಿಟ್ಟರು.

ಮನೆಗೆ ಬಂದಾಗ ಅಬ್ಬಾ ಮಸೀದಿಗೆ ಹೊರಟುಹೋಗಿದ್ದ. ದಾದಿ ಹಿತ್ತಲಲ್ಲಿದ್ದಳು. ಈ ಸಲ ಕಬ್ಬಿಣದ ಸಾಮಾನೆಲ್ಲ ದೂರ ಇರುವ ಮೂಲೆಯಲ್ಲಿ, ಹಾಸುಗಲ್ಲಿನ ಮೇಲೆಯೇ ದಿಕ್ಸೂಚಿ ಇಟ್ಟು ದಿಕ್ಕು ನೋಡಿ, ಹಳೇ ಗೆರೆಯ ಬುಡದಿಂದಲೇ ಹೊಸ ಗೆರೆ ಎಳೆದೆ. ಹಳೇ ಗೆರೆಗೂ ಹೊಸ ಗೆರೆಗೂ ನಡುವೆ ಕೋನಮಾಪಕ ಹಿಡಿದೆ. ಮೂವತ್ತೈದು ಡಿಗ್ರಿ. ಎರಡು ಸಲ ಅಳೆದೆ, ಮೂರು ಸಲ ಅಳೆದೆ. ಒಂದು ಡಿಗ್ರಿಯೂ ಕಡಿಮೆಯಾಗಲಿಲ್ಲ.

ನಕಾಶೆ ಪುಸ್ತಕ ತೆಗೆದೆ. ಅಫಜಲಪುರ ಇರಬೇಕಾದ ಕಡೆ ಪೆನ್ಸಿಲ್ಲಿನ ಚುಕ್ಕಿ ಇಟ್ಟು, ಪಟ್ಟಿ ಹಿಡಿದು ಮಕ್ಕಾಕ್ಕೊಂದು, ತಪ್ಪು ದಿಕ್ಕಿಗೊಂದು ಗೆರೆ ಎಳೆದೆ. ಮನೆಯಿಂದ ಹೊರಟಾಗ ಒಂದು ಬೆರಳಿನಷ್ಟೂ ಅಂತರವಿಲ್ಲದ ಆ ಎರಡು ಗೆರೆ ಮುಂದೆ ಹೋದಂತೆ ದೂರವಾಗುತ್ತ, ಒಂದು ಮಕ್ಕಾ ಮುಟ್ಟಿತು, ಇನ್ನೊಂದು ಸಮುದ್ರ ದಾಟಿ ಆಫ್ರಿಕಾದ ದಂಡೆಗೆ ಹೋಗಿ ಬಿತ್ತು. ದಿನಕ್ಕೆ ಐದು ಹೊತ್ತು, ಇಪ್ಪತ್ತೆರಡು ದಿನ. ನೂರ ಹತ್ತು ನಮಾಜು. ಪ್ರತಿ ನಮಾಜಿನ ಕೊನೆಗೆ ದಾದಿ ಅಂಗೈ ಎತ್ತಿ ನಮ್ಮೆಲ್ಲರ ಹೆಸರು ಹೇಳಿ ದುವಾ ಬೇಡುತ್ತಿದ್ದಳು. ಅದರಲ್ಲಿ ನನ್ನ ಹೆಸರೇ ಮೊದಲು. ಅಷ್ಟೂ ದುವಾ ನಾನು ಆಫ್ರಿಕಾಕ್ಕೆ ಕಳಿಸಿಬಿಟ್ಟಿದ್ದೆ.

ಈಗ ನನ್ನ ಒಳಗಿನ ಸಣ್ಣತನವನ್ನೂ ಹೇಳಿಬಿಡುತ್ತೇನೆ. ಹೇಳದೇ ಇದ್ದರೆ ಏನಾಗುತ್ತದೆ ಎಂದು ಯೋಚಿಸಿದೆ. ದಾದಿಗೆ ಕಾಣುವುದಿಲ್ಲ. ಚಾಪೆಯನ್ನು ಸದ್ದಿಲ್ಲದೆ ಸರಿಯಾದ ಗೆರೆಗೆ ಸರಿಸಿ, ಹಳೇ ಗೆರೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. "ನನ್ನ ಮೊಮ್ಮಗ ಅಳದು ಹಾಸ್ಯಾನ" ಎಂಬ ಮಾತು ಹಾಗೇ ಉಳಿಯುತ್ತದೆ. ಚಾಪೆ ಸರಿಸಿದೆ. ಗೆರೆ ಒರೆಸಿದೆ.

ಹೊತ್ತು ಮುಳುಗಿ ಮಸೀದಿಯಿಂದ ನಮಾಜಿಗೆ ಕರೆಯುವ ಬಾಂಗ್ ಕೇಳಿತು. ದಾದಿ ಕೈಕಾಲು ಮುಖ ತೊಳೆದುಕೊಂಡು ಒಳಗೆ ಬಂದಳು. ಸೆರಗಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಎಂದಿನಂತೆ ಬಾಗಿಲಿಂದ ಆರು ಹೆಜ್ಜೆ ಎಣಿಸಿ ನಿಂತಳು. ಕಾಲು ಚಾಪೆಯ ಅಂಚಿಗೆ ತಾಗಲಿಲ್ಲ. ಪಾದದಿಂದ ಆಚೀಚೆ ಸವರಿದಳು.

"ಚಾಪಿ ಯಾರ ಸರಿಸ್ಯಾರ?"

ಆಪಾ ಅಡುಗೆ ಮನೆಯಲ್ಲಿದ್ದಳು. ನಾನು ಮೂಲೆಯಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ನಿಂತಿದ್ದೆ. ದಾದಿಯ ಮುಖ ತೊಳೆದು ಹೊಳೆಯುತ್ತಿತ್ತು. ದಿಕ್ಕು ತಪ್ಪಿದವರಂತೆ ಕೈ ಮುಂದೆ ಚಾಚಿ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಅವಳ ಸೊಂಟ ತಬ್ಬಿಕೊಂಡು ಅತ್ತುಬಿಟ್ಟೆ. ಮಷಿನ್ನು, ಮುಳ್ಳು, ಮೂವತ್ತೈದು ಡಿಗ್ರಿ, ನೂರ ಹತ್ತು ನಮಾಜು, ಆಫ್ರಿಕಾ, ಎಲ್ಲ ಒಂದರ ಮೇಲೊಂದು ಬಿದ್ದು ಹೊರಗೆ ಬಂತು.

ದಾದಿ ತನ್ನ ಬಲಗೆನ್ನೆ ಮುಟ್ಟಿಕೊಂಡಳು. ಆಮೇಲೆ, "ನನ್ನ ಗಲ್ಲ ಹೇಳಿತ್ತು" ಎಂದಳು. "ಬಂದ ನಾಕ ದಿನಕ್ಕ ಹೇಳಿತ್ತು. ಆದ್ರ ನೀ ಅಳದಿದ್ದಿ. ಕಲಿತ ಹುಡುಗ ಅಳದದ್ದು ಖರೇ, ಮುದುಕಿ ಗಲ್ಲ ಸುಳ್ಳು ಅಂದ್ಕೊಂಡೆ."

ಆ ಮಾತು ನನಗೆ ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಿಲ್ಲ. ನನ್ನನ್ನು ನಂಬುವುದಕ್ಕಾಗಿ ಅವಳು ತನ್ನ ಕೆನ್ನೆಯನ್ನೇ ನಂಬದೆ ಬಿಟ್ಟಿದ್ದಳು. ನನ್ನ ಅಳು ಇನ್ನೂ ಜೋರಾಯಿತು.

"ಎಲ್ಲಾ ನಮಾಜ್ ಹಾಳಾದವು ದಾದಿ" ಎಂದೆ.

ಅವಳು ಒದ್ದೆ ಕೈಯಿಂದ ನನ್ನ ತಲೆ ಸವರಿದಳು. "ಯಾಕ ಹಾಳಾಗ್ತಾವ? ನಾ ಗ್ವಾಡಿಗಿ ಮುಖ ಮಾಡಿದ್ದಿಲ್ಲ, ಅವಂಗ ಮಾಡಿದ್ದೆ. ಅಂವ ಏನ್ ಒಂದು ಮೂಲ್ಯಾಗ ಕುಂತಾನೇನು, ಈ ಕಡಿಂದ ಕರದ್ರ ಕೇಳಬಾರದಂಗ?" ಆಮೇಲೆ ಕೇಳಿದಳು, "ಆ ಆಫ್ರಿಕಾ ಅಂದ್ಯಲ್ಲ, ಅಲ್ಲಿ ಮಂದಿ ಅದಾರೇನು?"

"ಅದಾರ."

"ಸಣ್ಣ ಹುಡುಗ್ರು ಅದಾರೇನು?"

"ಅದಾರ ದಾದಿ."

"ಹಂಗಾರ ಛಲೋನೇ ಆತು. ಅವ್ರಿಗೂ ಒಂದೀಟು ದುವಾ ಮುಟ್ಟಿತು."

ನನಗೆ ಅಳುವಿನ ನಡುವೆ ನಗು ಬಂತು, ಮೂಗಿನಿಂದಲೂ ಏನೇನೋ ಬಂತು. ದಾದಿ ತನ್ನ ಸೆರಗಿನಿಂದಲೇ ಒರೆಸಿದಳು. ಆಮೇಲೆ ಕಟ್ಟುನಿಟ್ಟಾಗಿ ಹೇಳಿದಳು: "ಸದ್ದಿಲ್ಲದ ಸರಿಸಿದ್ದು ಮಾತ್ರ ಛಲೋ ಅಲ್ಲ. ಅದನ್ನ ಇನ್ನೊಮ್ಮಿ ಮಾಡಬ್ಯಾಡ. ಈಗ ಚಾಪಿ ಎತ್ತು. ನನಗ ಹೇಳಿ ಹಾಸು."

ನಾನು ಎತ್ತಿದೆ. "ದಾದಿ, ಈಗ ಹಾಸಾಕತ್ತೇನಿ" ಎಂದು ಹೇಳಿ, ಸರಿಯಾದ ಗೆರೆಗೆ ಹಾಸಿದೆ. ಅವಳು ನಿಂತು ಕೈ ಕಟ್ಟಿದಳು. ಅಳೆದದ್ದು ಸರಿಯೇ ಎಂದು ಒಂದು ಮಾತೂ ಕೇಳಲಿಲ್ಲ. ನಾನು ಹಿಂದೆ ಕೂತು ಅವಳ ಬೆನ್ನನ್ನೇ ನೋಡುತ್ತಿದ್ದೆ.

ಅಬ್ಬಾ ಮಸೀದಿಯಿಂದ ಬಂದ ಮೇಲೆ ದಾದಿಯೇ ಎಲ್ಲ ಹೇಳಿದಳು. ಅಬ್ಬಾ ಮಷಿನ್ನಿನ ಮೇಲೆ ಕೈಯಿಟ್ಟ. "ಮಷಿನ್ ನಂದು. ಇದ್ರಾಗ ನಂದೂ ಪಾಲದ" ಎಂದ. ಮಾರನೇ ದಿನ ಮೌಲಾನಾರನ್ನೂ ಕೇಳಿ ಬಂದ. ಗೊತ್ತಿಲ್ಲದೆ, ನಂಬಿ ಮಾಡಿದ ನಮಾಜು ನಮಾಜೇ ಎಂದರಂತೆ. ನನಗೆ ಹಿಂದಿನ ಸಂಜೆಯೇ ದಾದಿ ಅದನ್ನು ಹೇಳಿಯಾಗಿತ್ತು.

ಈಗ ನಾನು ಆಳಂದದಲ್ಲಿ ಮಗನ ಮನೆಯಲ್ಲಿದ್ದೇನೆ. ನನ್ನ ಮೊಮ್ಮಕ್ಕಳ ಜಗತ್ತಿನಲ್ಲಿ ಡಿಗ್ರಿಗೆ ಬರವೇ ಇಲ್ಲ. ಹೊರಗೆ ನಲವತ್ತೆರಡು ಡಿಗ್ರಿ ಎಂದು ಫೋನು ಹೇಳಿದ ಮೇಲೆಯೇ ಅವರಿಗೆ ಸೆಕೆಯಾಗುವುದು. ಜ್ವರ ಬಂದರೆ ಹಣೆ ಮುಟ್ಟುವ ಮೊದಲು ಹಣೆಗೆ ಯಂತ್ರ ಹಿಡಿಯುತ್ತಾರೆ. ಮಕ್ಕಾ ಎಲ್ಲಿದೆ ಎಂದರೆ ಚಿಕ್ಕ ಮೊಮ್ಮಗಳು ಫೋನು ಅಂಗೈಯಲ್ಲಿಟ್ಟುಕೊಂಡು ತಾನೇ ಒಂದು ಸುತ್ತು ತಿರುಗಿ, "ಎರಡನೂರಾ ಎಂಬತ್ಮೂರು" ಎನ್ನುತ್ತಾಳೆ. ಫೋನು ಉತ್ತರದಿಂದ ಎಣಿಸುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಇನ್ನೂರ ಎಪ್ಪತ್ತು, ಮೇಲೆ ಹದಿಮೂರು. ನಮ್ಮ ಮಾಸ್ತರ ದಾರ ಹೇಳಿದ್ದೂ ಅಷ್ಟೇ.

ನನ್ನ ಕಣ್ಣು ಚೆನ್ನಾಗಿವೆ. ಈ ಮನೆಯಲ್ಲಿ ಹನ್ನೊಂದು ವರ್ಷದಿಂದ ನಮಾಜು ಮಾಡುತ್ತಿದ್ದೇನೆ, ದಿಕ್ಕು ನಿದ್ದೆಯಲ್ಲೂ ಹೇಳಬಲ್ಲೆ. ಆದರೂ ಸಂಜೆ ಆ ಮೊಮ್ಮಗಳು ಮನೆಯಲ್ಲಿದ್ದರೆ, "ಯಾ ಕಡಿ ನಿಲ್ಲಲಿ ಬೇಟಾ?" ಎಂದು ಕೇಳುತ್ತೇನೆ. ಅವಳು ಆಟ ಬಿಟ್ಟು ಬಂದು, ಫೋನು ನೋಡಿ, ಪುಟ್ಟ ಕೈಗಳಿಂದ ನನ್ನ ಸೊಂಟ ಹಿಡಿದು ತಿರುಗಿಸುತ್ತಾಳೆ. ಒಮ್ಮೊಮ್ಮೆ ತುಸು ಹೆಚ್ಚೇ ತಿರುಗಿಸಿಬಿಡುತ್ತಾಳೆ, ಎರಡೋ ಮೂರೋ ಡಿಗ್ರಿ. ನನಗೆ ಗೊತ್ತಾಗುತ್ತದೆ. ನಾನು ಅವಳು ನಿಲ್ಲಿಸಿದ ಕಡೆಗೇ ನಿಲ್ಲುತ್ತೇನೆ.