ಕುತ್ತಿಗೆಗಂಟಿದ ಮಣ್ಣು

ಗುಂಡು ಎಸೆತ. ಶಾಟ್‌ಪುಟ್ಟಿಗೆ ಈ ಹೆಸರಿಟ್ಟ ಮಹಾನುಭಾವ ಯಾರೋ ಗೊತ್ತಿಲ್ಲ. ಸಿಕ್ಕಿದರೆ ಅವನನ್ನು ನಮ್ಮ ಸ್ಕೂಲಿನ ಗ್ರೌಂಡಿಗೆ ಕರೆತಂದು ಏಪ್ರಿಲ್ ಬಿಸಿಲಲ್ಲಿ ನಿಲ್ಲಿಸಬೇಕು ಅಂತ ಎಷ್ಟೋ ಸಲ ಅನ್ನಿಸಿದೆ. ಗುಂಡನ್ನು ಎಸೆಯಬಾರದು ಕಣ್ರೀ. ಎಸೆದರೆ ಫೌಲು. ಅದನ್ನು ಕುತ್ತಿಗೆಗೆ ಒತ್ತಿ ಹಿಡಿದು ಅಲ್ಲಿಂದ ಮುಂದಕ್ಕೆ ನೂಕಬೇಕು. ಕೈ ಭುಜದ ಹಿಂದಕ್ಕೆ ಹೋಯಿತೋ, ಆ ಸರದಿ ಮುಗಿಯಿತು. ಮಾಡಬಾರದ್ದು ಏನೋ ಅದನ್ನೇ ಆಟದ ಹೆಸರು ಮಾಡಿ ಇಟ್ಟಿದ್ದಾರೆ.

ನಾನು ಐ.ಡಿ.ಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಪ್ರತಿ ವರ್ಷ "ಗುಂಡು ಎಸೆತಕ್ಕೆ ಯಾರ್ ಬರ್ತೀರಾ?" ಅಂತ ಕೇಳುತ್ತೇನೆ, ಬೇರೆ ಪದವಿಲ್ಲದ ಕರ್ಮಕ್ಕೆ. ಬಂದವರೆಲ್ಲ ಹುಣಸೆಮರಕ್ಕೆ ಕಲ್ಲು ಬೀಸಿದ ಹಾಗೆ ಬೀಸುತ್ತಾರೆ. ಮಾರನೆಯ ದಿನ ಮೊಣಕೈ ನೋವು ಅಂತ ಅರ್ಧಕ್ಕರ್ಧ ಜನ ನಾಪತ್ತೆ.

ಒಬ್ಬ ಹುಡುಗಿ ಮಾತ್ರ ಉಳಿದಳು. ಆಗ ಒಂಬತ್ತನೇ ಕ್ಲಾಸು. ಅವರ ಕಡಲೆಕಾಯಿ ಹೊಲಕ್ಕೆ ಬೀಳುವ ನವಿಲು, ಹಂದಿಗಳಿಗೆ ಕಲ್ಲು ಹೊಡೆದು ಪಳಗಿದ ಕೈ ಅವಳದು. ಮೊದಲ ದಿನ ಅವಳು ಬೀಸಿ ಎಸೆದ ಗುಂಡು ಕಾಂಪೌಂಡಿನ ಬುಡಕ್ಕೆ ಹೋಗಿ ಬಿತ್ತು. ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು.

"ಫೌಲು," ಅಂದೆ.

"ಯಾಕ್ ಮಿಸ್? ಅಷ್ಟ್ ದೂರ ಹೋಯ್ತಲ್ಲ!"

"ಹಂದಿ ಓಡ್ಸಕ್ ಬಂದಿಲ್ಲ ಕಣೇ ನೀನು. ಕೆಟ್ ನಿಂತಿರೋ ಲಗೇಜ್ ಆಟೋ ಯಾವತ್ತಾದ್ರೂ ನೂಕಿದೀಯಾ?"

"ನಮ್ ಮಾವಂದು ದಿನಾ ನೂಕ್ತೀವಿ ಮಿಸ್."

"ಬರೀ ಕೈಯಾಗ್ ನೂಕಿದ್ರೆ ಹೋಯ್ತದಾ?"

"ಇಲ್ಲ ಮಿಸ್, ಕಾಲ್ ಊರ್ಬೇಕು. ಮೈಯೆಲ್ಲ ಕೊಡ್ಬೇಕು."

"ಇದೂ ಅಂಗೇನೇ."

ಅಲ್ಲಿಂದ ಶುರುವಾಯಿತು. ಗುಂಡು ಅಂಗೈಯಲ್ಲಿ ಕೂರಬಾರದು, ಬೆರಳುಗಳ ಬುಡದಲ್ಲಿ ಕೂರಬೇಕು. ದವಡೆಯ ಕೆಳಗೆ ಒತ್ತಿರಬೇಕು, ಮೊಣಕೈ ಎತ್ತಿರಬೇಕು. ಶಕ್ತಿ ಕಾಲಿನಿಂದ ಎದ್ದು, ಸೊಂಟದಲ್ಲಿ ತಿರುಗಿ, ಕೈಗೆ ಕೊನೆಯಲ್ಲಿ ಬರಬೇಕು. ನಮ್ಮ ಗ್ರೌಂಡು ಕೆಮ್ಮಣ್ಣು, ಗುಂಡಿಗೆ ಸದಾ ಅಂಟಿರುತ್ತದೆ. ಹಾಗಾಗಿ ನಾನು ಸರದಿ ಮುಗಿದ ಮೇಲೆ ಮಕ್ಕಳ ಗದ್ದ ಎತ್ತಿಸಿ ಕುತ್ತಿಗೆ ನೋಡುತ್ತಿದ್ದೆ. ಮಣ್ಣು ಅಂಟಿದ್ದರೆ ನೂಕಿದ್ದಾಳೆ. ಕುತ್ತಿಗೆ ಚೊಕ್ಕಟವಾಗಿದ್ದರೆ ಎಸೆದಿದ್ದಾಳೆ, ಕಳ್ಳಿ.

ಎಸೆಯುವುದನ್ನು ಬಿಡಿಸುವುದೇ ದೊಡ್ಡ ಪಾಡಾಯಿತು. ನೂಕಲು ಕಲಿತಾಗ ಮೊದಮೊದಲು ಗುಂಡು ಅವಳ ಕಾಲ ಬುಡದಲ್ಲೇ ದೊಪ್ಪನೆ ಬೀಳುತ್ತಿತ್ತು. ಉಳಿದವರು ನಗುತ್ತಿದ್ದರು, ಇವಳು ಅಳುತ್ತಿದ್ದಳು. ಆದರೂ ಬಿಡಲಿಲ್ಲ. ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ಗುಂಡು ಚೆನ್ನಾಗಿ ಎದ್ದು ಹೋಗುತ್ತಿತ್ತು. ಮನೆಗೆ ಹೋಗುವಾಗ ಕುತ್ತಿಗೆಯ ಮಣ್ಣನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ.

ಅವಳಿಗೆ ಕ್ರೀಡಾ ಹಾಸ್ಟೆಲಿನ ಸೀಟು ಬೇಕಿತ್ತು. ಸಿಕ್ಕಿದರೆ ಊಟ, ಓದು, ಆಟ ಎಲ್ಲ ಅಲ್ಲೇ. ಸಿಗದಿದ್ದರೆ ಹತ್ತಕ್ಕೇ ಓದು ಸಾಕು ಅಂತ ಮನೆಯಲ್ಲಿ ಹೇಳಿಯಾಗಿತ್ತು. ಹಾಸ್ಟೆಲಿನವರು ಮಕ್ಕಳನ್ನು ನೋಡಲು ಬರುವುದು ಜಿಲ್ಲಾ ಮಟ್ಟಕ್ಕೆ. ಅಲ್ಲಿಗೆ ಹೋಗಬೇಕಾದರೆ ಮಧುಗಿರಿಯಲ್ಲಿ ನಡೆಯುವ ತಾಲ್ಲೂಕು ಕ್ರೀಡಾಕೂಟದಲ್ಲಿ ಮೊದಲು ಬರಬೇಕು.

ಆ ಕ್ರೀಡಾಕೂಟ ನೆನೆದರೆ ಈಗಲೂ ವಾಕರಿಕೆ ಬರುತ್ತದೆ. ಬೆಳಗೆಲ್ಲ ಹಾರ, ಶಾಲು, ಭಾಷಣ. ಮಕ್ಕಳು ಬಿಸಿಲಲ್ಲಿ, ದೊಡ್ಡವರು ಶಾಮಿಯಾನದಲ್ಲಿ. ಗುಂಡಿನ ಸರ್ಕಲ್ಲಿಗೆ ಸುಣ್ಣವನ್ನೂ ನೆಟ್ಟಗೆ ಹಾಕಿರಲಿಲ್ಲ. ತೀರ್ಪುಗಾರನಾಗಿದ್ದವನು ಬೇರೆ ಸ್ಕೂಲಿನ ಪಿ.ಟಿ. ಮೇಷ್ಟ್ರು, ಸರ್ವೀಸಿನಲ್ಲಿ ನನಗಿಂತ ಹಿರಿಯ. ಕುರ್ಚಿಯಿಂದ ಏಳದೆ ಫೋನ್ ನೋಡಿಕೊಂಡೇ "ಹ್ಞೂಂ, ನೆಕ್ಸ್ಟ್" ಅನ್ನುತ್ತಿದ್ದ.

ನನ್ನ ಹುಡುಗಿ ಹೇಳಿಕೊಟ್ಟ ಹಾಗೇ ನೂಕಿದಳು. ಅವಳು ಅಷ್ಟು ದೂರ ಅದುವರೆಗೆ ನೂಕಿರಲೇ ಇಲ್ಲ. ಆಮೇಲೆ ಇನ್ನೊಂದು ಸ್ಕೂಲಿನ ಹುಡುಗಿ ಬಂದಳು. ಗುಂಡನ್ನು ಕಿವಿಯ ಹಿಂದಕ್ಕೆ ಒಯ್ದು ಕ್ರಿಕೆಟ್ ಚೆಂಡಿನ ಹಾಗೆ ಬೀಸಿ ಒಗೆದಳು. ಅದು ನಮ್ಮ ಗುರುತನ್ನು ದಾಟಿ ಬಿತ್ತು. ಆ ಹುಡುಗಿಯ ಕುತ್ತಿಗೆಯಲ್ಲಿ ಬೆಳಿಗ್ಗೆ ಹಾಕಿದ ಪೌಡರು ಕೂಡ ಅಳಿಸಿರಲಿಲ್ಲ. ಅವಳ ತಪ್ಪೇನೂ ಅಲ್ಲ, ಪಾಪ, ಹೇಳಿಕೊಟ್ಟವರಿಗೇ ಗೊತ್ತಿಲ್ಲ.

ಟೇಪು ಹಿಡಿದು ಅಳೆದರು! ನಾನು ಓಡಿದೆ.

"ಸಾರ್, ಅದು ಫೌಲು. ಕೈ ಪೂರ್ತಿ ಹಿಂದಕ್ಕೋಯ್ತು."

ಅವನು ಫೋನಿನಿಂದ ತಲೆ ಎತ್ತಿದ. "ರೀ ಮೇಡಂ, ಆಟದ್ ಹೆಸ್ರೇನ್ರೀ?"

"ಅದಕ್ಕೂ ಇದಕ್ಕೂ..."

"ಗುಂಡು ಎಸೆತ ತಾನೆ? ಎಸ್ದವ್ಳೆ. ಇನ್ನೇನ್ ಗುಂಡಿಗೆ ಪೂಜೆ ಮಾಡ್ಬೇಕಿತ್ತಾ? ಬುಡ್ರಿ ಅತ್ಲಾಗೆ."

ಶಾಮಿಯಾನದಲ್ಲಿ ಕೂತವರೆಲ್ಲ ಕಿಸಕ್ಕನೆ ನಕ್ಕರು. ಥೂ! ಅದರಲ್ಲಿ ಎಷ್ಟು ಜನ ನನ್ನ ಹಾಗೇ ಪಿ.ಟಿ. ಪಾಠ ಓದಿ ಪಾಸಾದವರು! ನಿಯಮ ಹೇಳಿದೆ, ಕೈ ಮಾಡಿ ತೋರಿಸಿದೆ, ದೂರು ಬರೆದುಕೊಳ್ಳಿ ಅಂತ ಕೂಗಾಡಿದೆ. ಕೋಣನ ಮುಂದೆ ಕಿನ್ನರಿ. ಒಬ್ಬರು ಬಂದು, "ಊಟ ತಣ್ಣಗಾಗ್ತದೆ ಮೇಡಂ, ಬನ್ನಿ," ಅಂದರು. ಆ ಅನ್ನ ನನಗೆ ಮುಟ್ಟಲೂ ಹೇಸಿಗೆಯಾಯಿತು. ನನ್ನ ಹುಡುಗಿಗೆ ಎರಡನೇ ಬಹುಮಾನ ಅಂತ ಒಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸಿದರು. ಬಸ್ಸಿನಲ್ಲಿ ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಊರು ಬರುವ ತನಕ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

ಸೋಮವಾರ ಸಂಜೆ ಗ್ರೌಂಡಿಗೆ ಬಂದಳು. ಬರುವುದಿಲ್ಲ ಅಂದುಕೊಂಡಿದ್ದೆ. ಸಮಾಧಾನಕ್ಕೆ ನಾಲ್ಕು ಮಾತು ಹೇಳೋಣ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಗುಂಡು ಎತ್ತಿಕೊಂಡು ಸರ್ಕಲ್ಲಿಗೆ ಹೋದಳು. ಕುತ್ತಿಗೆಗೆ ತರಲಿಲ್ಲ. ಕೈಯನ್ನು ಪೂರ್ತಿ ಹಿಂದಕ್ಕೆ ಒಯ್ದು, ಹೊಲದಲ್ಲಿ ಹಂದಿಗೆ ಬೀಸುವ ಹಾಗೆ ಬೀಸಿದಳು. ಗುಂಡು ಹೋಗಿ ಕಾಂಪೌಂಡಿನ ಗೋಡೆಗೇ ಬಡಿಯಿತು. ಮಧುಗಿರಿಯಲ್ಲಿ ಅಳೆದ ಎರಡೂ ಗುರುತುಗಳನ್ನು ದಾಟಿ ಎಲ್ಲೋ ಆಚೆ.

"ಫೌಲು," ಅಂದೆ. ಬಾಯಿಗೆ ರೂಢಿಯಾಗಿಬಿಟ್ಟಿತ್ತು.

ಅವಳು ನನ್ನ ಕಡೆ ತಿರುಗಿ, ನಾನು ಕೇಳದೆಯೇ ಗದ್ದ ಎತ್ತಿ ಚೊಕ್ಕಟ ಕುತ್ತಿಗೆ ತೋರಿಸಿದಳು.

"ಎಸೆಯಾದು ನಂಗೆ ಮೊದ್ಲೇ ಬರ್ತಿತ್ತಲ್ಲ ಮಿಸ್," ಅಂದಳು. "ನೀವೇ ಬುಡಿಸ್ಬುಟ್ರಿ."